ಆಟದ ಲಗಾಮು ಯಾರ ಕೈಯಲ್ಲಿ

ಕನ್ನಡದಲ್ಲಿ ಚದುರಂಗವೂ ಆಟ, ಬಯಲಾಟವೂ ಆಟ. ಸಿರುಗುಪ್ಪ, ಕುರುಗೋಡು ಕಡೆ "ಇವತ್ತು ರಾತ್ರಿ ನಮ್ಮೂರಾಗ ಆಟ ಐತಿ" ಅಂದರೆ ಯಾವ ಆಟ ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ ಇನ್ನೊಂದು ಆಟವಿದೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ತಲೆಗೊಂದು ಪಾತ್ರ ಹಿಡಿದು, ದಾಳ ಉರುಳಿಸುತ್ತ ಕಥೆ ಕಟ್ಟುತ್ತಾರೆ. ಕಥೆ ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವವರು ಯಾರು ಎಂಬ ಚರ್ಚೆ ಅವರಲ್ಲಿ ಇಂದಿಗೂ ಮುಗಿದಿಲ್ಲ. ಬಳ್ಳಾರಿ ಸೀಮೆಯ ರಂಗ ಅದೇ ಪ್ರಶ್ನೆಯ ಜೊತೆ ಬಹಳ ಹಿಂದಿನಿಂದ ಬದುಕಿದೆ.

ಊರಿನ ರೈತರೇ ಬಣ್ಣ ಹಚ್ಚುವ ಬಯಲಾಟದಲ್ಲಿ ಗತಿಯ ಮೊದಲ ಒಡೆಯ ಕಲಿಸುವ ಮಾಸ್ತರ. ತಿಂಗಳುಗಟ್ಟಲೆ ತಾಲೀಮು ನಡೆಸಿ, ಯಾವ ಪದಕ್ಕೆ ಎಷ್ಟು ಕುಣಿತ, ಮಾತು ಎಲ್ಲಿ ಎತ್ತಬೇಕು ಎಂದು ತಿದ್ದುವವನು ಅವನೇ. ಆಟದ ರಾತ್ರಿ ಅವನು ಹಿಮ್ಮೇಳಕ್ಕೆ ಸರಿಯುತ್ತಾನೆ. ರಂಗದ ಅಧಿಕಾರ ಸಾರಥಿಗೆ ಬರುತ್ತದೆ. ದುರ್ಯೋಧನ ಕುಣಿದು ಬಂದು ನಿಂತೊಡನೆ ತಾವು ಯಾರು, ಯಾವ ದೇಶ, ಬಂದ ಕಾರಣವೇನು ಎಂದು ಸಾರಥಿ ವಿಚಾರಿಸುತ್ತಾನೆ. ಇದನ್ನು ಪಾತ್ರಪರಿಚಯ ಎಂದಷ್ಟೇ ವಿವರಿಸುವುದು ನನಗೆ ಸಾಲದು. ದುರ್ಯೋಧನ ಯಾರೆಂದು ಅರಿಯದ ಮಗು ಆ ಬಯಲಲ್ಲಿ ಎಲ್ಲಿದೆ? ಪ್ರಶ್ನೆಯ ಕೆಲಸ ಬೇರೆ. ಕುಣಿದು ದಣಿದವನು ಉಸಿರು ತಿರುಗಿಸಿಕೊಳ್ಳಲಿ ಎಂದು ಸಾರಥಿ ಎರಡು ಮಾತು ಹೆಚ್ಚು ಕೇಳಬಲ್ಲ. ಮುಂದಿನ ವೇಷ ಇನ್ನೂ ಕಿರೀಟ ಕಟ್ಟಿಕೊಳ್ಳುತ್ತಿದ್ದರೆ ಹಾಸ್ಯ ಎಳೆಯಬಲ್ಲ. ಜನ ತೂಕಡಿಸಿದರೆ ಒಂದೇ ಮಾತಿಗೆ ಮುಗಿಸಬಲ್ಲ. ಹೆಸರೇ ಸಾರಥಿ: ಓಡುವ ಕುದುರೆ ಪಾತ್ರಧಾರಿ, ಲಗಾಮು ಇವನದು.

ಆ ಲಗಾಮನ್ನೂ ಕಸಿಯುವವರಿದ್ದಾರೆ. ಯುದ್ಧ ಕಾವೇರುವ ಹೊತ್ತಿಗೆ ಬೀಗರು, ಗೆಳೆಯರು ರಂಗ ಹತ್ತಿ ಪಾತ್ರಧಾರಿಗೆ ಹಾರ ಹಾಕಿ, ಶಾಲು ಹೊದಿಸಿ, ಮುಯ್ಯಿ ಮಾಡುತ್ತಾರೆ. ಮೈಕಿನಲ್ಲಿ ಅವರ ಹೆಸರು ಕೂಗಿ ಮುಗಿಯುವವರೆಗೆ ಭೀಮನ ಗದೆ ಹೆಗಲ ಮೇಲೆಯೇ ಇರುತ್ತದೆ. ಓದಿದವರು ಇದನ್ನು ಅಡ್ಡಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪಟ್ಟಿ ಹಾಕಿ ದುಡ್ಡು ಕೂಡಿಸಿ, ವೇಷದ ಬಾಡಿಗೆ ಕೊಟ್ಟು ಆಟ ಕಟ್ಟಿದ ಊರಿಗೆ ಆ ಆಟವನ್ನು ತುಸು ಹೊತ್ತು ನಿಲ್ಲಿಸುವ ಹಕ್ಕೂ ಇದೆ.

ನಗರದ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಳ್ಳಾರಿಯ ತೆಲುಗು ರಂಗಭೂಮಿಯಲ್ಲಿ ಧರ್ಮವರಂ ರಾಮಕೃಷ್ಣಾಚಾರ್ಯರ ಸರಸವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಎದುರುಬದುರು ನಿಂತವು. ಆ ಕಾಲದ ನಾಟಕದಲ್ಲಿ ಪದ್ಯ, ರಾಗಗಳದೇ ದೊಡ್ಡಸ್ತಿಕೆ. ರಾಗ ರುಚಿಸಿತೋ, ಸಭಿಕರಿಂದ 'ಒನ್ಸ್ ಮೋರ್'; ಸಾಯುತ್ತಿದ್ದ ಪಾತ್ರವೂ ಎದ್ದು ಮತ್ತೆ ಹಾಡಬೇಕು. ಧರ್ಮವರಂ ಅವರ ಸೋದರಳಿಯ, ವೃತ್ತಿಯಿಂದ ವಕೀಲರಾದ ಬಳ್ಳಾರಿ ರಾಘವ (1880–1946) ಪದ್ಯದ ಎಳೆತವನ್ನು ಬಿಟ್ಟು ಮಾತು ಮತ್ತು ಭಾವದ ಮೇಲೆ ನಿಂತರು. ಗತಿ ಸಭಿಕರ ಕೈಯಿಂದ ನಟನ ಉಸಿರಿಗೆ ಬಂತು. ಹಳ್ಳಿಯ ನಾಟಕಗಳು ಮಾತ್ರ ಆ ದಾರಿ ಹಿಡಿಯಲಿಲ್ಲ. ಅಲ್ಲಿ ಹಾರ್ಮೋನಿಯಂ ಮಾಸ್ತರ ಎದುರಿಗೇ ಕೂತು ಶ್ರುತಿ ಎತ್ತಿದರೇ ಹಾಡು ಹೊರಡುವುದು. 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರು ಅವರ ರಂಗಗೀತೆಗಳಿಗೆ ಜನ ಕಾದು ಕೂರುತ್ತಿದ್ದುದೂ ಈ ಬಗೆಯ ರಂಗದಲ್ಲೇ.

ತೊಗಲುಗೊಂಬೆ ಆಟದಲ್ಲಿ ಈ ಜಗಳಕ್ಕೆ ಜಾಗ ಕಡಿಮೆ. ಪರದೆಯ ಹಿಂದೆ ಗೊಂಬೆ ಹಿಡಿದವನೇ ಮಾತನಾಡುತ್ತಾನೆ. ಹೊತ್ತು ಕಳೆಯಬೇಕಾದರೆ ಕಿಳ್ಳೇಕ್ಯಾತನನ್ನೂ ಬಂಗಾರಕ್ಕನನ್ನೂ ಪರದೆಗೆ ತಂದು ಜಗಳ ಹಚ್ಚುತ್ತಾನೆ. ರಂಗನಟರೂ ಆಗಿದ್ದ ಬಳ್ಳಾರಿಯ ಬೆಳಗಲ್ಲು ವೀರಣ್ಣ ರಾಮಾಯಣದ ಜೊತೆಗೆ ಗಾಂಧೀಜಿಯ ಬದುಕನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಗೊಂಬೆಗಳಲ್ಲಿ ತೋರಿಸಿದರು. ಇಡೀ ರಾತ್ರಿಯ ಆಟ ಸಭಾಂಗಣಕ್ಕೆ ಬಂದಾಗ ಅದರ ಅಳತೆಯನ್ನು ಬರೆದವರು ಕಾರ್ಯಕ್ರಮದ ಸಂಘಟಕರು. 2023ರಲ್ಲಿ ವೀರಣ್ಣ ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು ಈ ಕಲೆಗೆ ಬಿದ್ದ ದೊಡ್ಡ ಪೆಟ್ಟು.

ಈಗ ಮೇಜಿನ ಆಟ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್'ನಲ್ಲಿ ನೆಲಮಾಳಿಗೆಯ ಒಂದು ಸರದಿ ಎಂದರೆ ಕಥೆಯ 10 ನಿಮಿಷ. ಪ್ರತಿ ಸರದಿಗೂ ಆಟ ನಡೆಸುವವನು ದಾಳ ಉರುಳಿಸಿ, ಅಲೆದಾಡುವ ರಕ್ಕಸ ಎದುರಾದನೇ ಎಂದು ನೋಡುತ್ತಾನೆ. ಸುಮ್ಮನೆ ಕೂತ ತಂಡಕ್ಕೆ ಕುತ್ತು. ಲಗಾಮು ಅರ್ಧ ಅವನದು, ಅರ್ಧ ದಾಳದ್ದು. 1987ರ 'ಆರ್ಸ್ ಮ್ಯಾಜಿಕಾ' ಕಥೆ ನಡೆಸುವ ಕೆಲಸವನ್ನೇ ಆಟಗಾರರು ಸರದಿಯಂತೆ ಹೊರಬಹುದು ಎಂದಿತು. 2009ರ 'ಫಿಯಾಸ್ಕೊ'ದಲ್ಲಿ ಆಟ ನಡೆಸುವ ಒಬ್ಬ ಎಂಬುವನೇ ಇಲ್ಲ. ಸರದಿ ಬಂದವನು ದೃಶ್ಯವನ್ನು ಕಟ್ಟಬಹುದು, ಇಲ್ಲವೇ ಅದರ ಮುಕ್ತಾಯವನ್ನು ಹೇಳಬಹುದು; ಉಳಿದರ್ಧ ಮಿಕ್ಕವರದು. ಕೇಳುವವನೊಬ್ಬ, ಹೇಳುವವನೊಬ್ಬ ಸೇರಿ ದೃಶ್ಯ ಹೊರುವ ಈ ಬಗೆ ಸಾರಥಿಯ ಆಟ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. 2017ರ 'ಬ್ಲೇಡ್ಸ್ ಇನ್ ದ ಡಾರ್ಕ್'ನಲ್ಲಿ ಕಾಗದದ ಮೇಲೊಂದು ವೃತ್ತ ಬರೆದು ಹೋಳು ಮಾಡುತ್ತಾರೆ. ಅಪಾಯ ಹತ್ತಿರವಾದಂತೆ ಹೋಳುಗಳು ತುಂಬುತ್ತವೆ, ಎಲ್ಲರ ಕಣ್ಣೆದುರಿಗೇ. ಈ ಎಲ್ಲ ಉಪಾಯಗಳಲ್ಲಿ ನನಗೆ ಹಿಡಿಸಿದ್ದು ಇದು. ಅವಸರ ಮಾಡಿ ಎಂದು ಯಾರೂ ಹೇಳಬೇಕಿಲ್ಲ, ಎಲ್ಲರಿಗೂ ಕಾಣುತ್ತಿರುತ್ತದೆ.

ಬಯಲಾಟದಲ್ಲಿ ಆ ವೃತ್ತ ಮೂಡಣದ ಆಕಾಶ. ಬೆಳ್ಳಿ ಮೂಡಿತೆಂದರೆ ಹಿಮ್ಮೇಳ ಪದಗಳನ್ನು ಬಿಡುತ್ತ ಬರುತ್ತದೆ, ಮದ್ದಳೆಯ ಪೆಟ್ಟು ಬಿರುಸಾಗುತ್ತದೆ, ಸಾರಥಿಯ ಪ್ರಶ್ನೆ ಒಂದಕ್ಕಿಳಿಯುತ್ತದೆ. ಮುಯ್ಯಿ ಮಾಡಲು ಎದ್ದವರನ್ನು ಹಿರಿಯರು ಕೈಸನ್ನೆಯಿಂದ ಕೂರಿಸುತ್ತಾರೆ. ಬೆಳಕು ಹರಿಯುವ ಮುಂಚೆ ದುರ್ಯೋಧನನ ತೊಡೆ ಮುರಿದು ಮಂಗಳ ಹಾಡಬೇಕು. ಅವನಿಗೆ ಹೊಲದಲ್ಲಿ ನೀರು ಕಟ್ಟುವ ಸರದಿ ಇದೆ.