ಮಗುವಿಗೆ ಮೊದಲ ಮಂಚ, ಹಾಸಿಗೆ: ಕೊಳ್ಳುವ ಮುನ್ನ ಇವಿಷ್ಟು ತಿಳಿದಿರಲಿ

ತೊಟ್ಟಿಲು ಚಿಕ್ಕದಾಯಿತು, ಅಪ್ಪ-ಅಮ್ಮನ ನಡುವೆ ಮಲಗಿಸಿದರೆ ರಾತ್ರಿಯಿಡೀ ಒದೆತ. ಮಗುವಿಗೊಂದು ಸ್ವಂತ ಮಂಚ ತರೋಣವೆಂದು ಅಂಗಡಿಗೆ ಹೋದರೆ ಕಾರಿನ ಆಕಾರದ ಮಂಚ, ಕಾರ್ಟೂನ್ ಚಿತ್ರದ ಹಾಸಿಗೆ, ಏಣಿ ಇರುವ ಬಂಕ್ ಬೆಡ್ ಸಾಲಾಗಿ ನಿಂತಿರುತ್ತವೆ. ಬಣ್ಣಕ್ಕೆ ಮಾರುಹೋಗುವ ಮುನ್ನ ಅಳತೆ, ಗಟ್ಟಿತನ ಮತ್ತು ಸುರಕ್ಷತೆಯನ್ನು ನೋಡಿಕೊಳ್ಳಿ.

ಯಾವಾಗ ಬೇಕು?

ಹೆಚ್ಚಿನ ಮಕ್ಕಳು ಒಂದೂವರೆಯಿಂದ ಮೂರೂವರೆ ವರ್ಷದೊಳಗೆ ಮಂಚಕ್ಕೆ ಬರುತ್ತಾರೆ. ಆದರೆ ವಯಸ್ಸಿಗಿಂತ ಎತ್ತರ ಮುಖ್ಯ. ಮಗು 35 ಇಂಚು, ಅಂದರೆ ಸುಮಾರು 89 ಸೆಂ.ಮೀ. ಎತ್ತರವಾದರೆ ಅಥವಾ ಎದ್ದು ನಿಂತಾಗ ಕಂಬಿ ತೊಟ್ಟಿಲಿನ ಅಂಚು ಎದೆಮಟ್ಟಕ್ಕಿಂತ ಕೆಳಗಿದ್ದರೆ ತೊಟ್ಟಿಲು ಬಿಡಿಸುವ ಸಮಯ ಬಂದಿದೆ. ಕಂಬಿ ಹತ್ತಿ ಇಳಿಯಲು ಶುರು ಮಾಡಿದರಂತೂ ತಡ ಮಾಡಬೇಡಿ.

ಒಂದು ವರ್ಷ ತುಂಬದ ಮಗುವಿಗೆ ನಿಯಮವೇ ಬೇರೆ. ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ದಿಂಬು, ದಪ್ಪ ಹೊದಿಕೆ, ಮೆತ್ತನೆಯ ಗೊಂಬೆ ಯಾವುದೂ ಪಕ್ಕದಲ್ಲಿ ಇರಬಾರದು.

ಮಂಚ ಎಷ್ಟು ದೊಡ್ಡದಿರಲಿ?

ಪುಟಾಣಿಗಳ ಟಾಡ್ಲರ್ ಬೆಡ್ ಸಾಮಾನ್ಯವಾಗಿ 52x28 ಇಂಚು ಇರುತ್ತದೆ. ನೋಡಲು ಚೆಂದ, ಆದರೆ ಕೆಲವೇ ವರ್ಷಗಳಲ್ಲಿ ಸಾಲದಾಗುತ್ತದೆ. 72x36 ಅಥವಾ 78x36 ಇಂಚಿನ ಸಿಂಗಲ್ ಮಂಚ ಕೊಂಡರೆ ಕಾಲೇಜಿನವರೆಗೂ ಬಾಳಿಕೆ ಬರುತ್ತದೆ. ಜಾಗ ಕಡಿಮೆಯಿರುವ ಫ್ಲ್ಯಾಟ್‌ಗಳಲ್ಲಿ ದೊಡ್ಡ ಮಂಚದ ಕೆಳಗಿಂದ ಎಳೆಯುವ ಮಂಚವೂ ಆಗುತ್ತದೆ.

ಎತ್ತರ ಕಡಿಮೆ ಇರಲಿ. ಮಗು ಅಂಚಿನಲ್ಲಿ ಕುಳಿತಾಗ ಪಾದ ನೆಲ ಮುಟ್ಟುವಂತಿದ್ದರೆ ಒಳ್ಳೆಯದು. ಬಿದ್ದರೂ ಪೆಟ್ಟು ಕಡಿಮೆ. ಮೂಲೆಗಳು ದುಂಡಗಿರಲಿ, ಬೋಲ್ಟ್‌ಗಳು ಹೊರಚಾಚಿರಬಾರದು. ಬಂಕ್ ಬೆಡ್ಡಿನ ಮೇಲಂತಸ್ತಿನಲ್ಲಿ 6 ವರ್ಷದೊಳಗಿನ ಮಕ್ಕಳನ್ನು ಮಲಗಿಸಬೇಡಿ.

ತಡೆಗಂಬಿಯಲ್ಲೇ ಅಪಾಯ ಅಡಗಿರುತ್ತದೆ

ತಡೆಗಂಬಿಯ ಮೇಲಂಚು ಹಾಸಿಗೆಗಿಂತ ಕನಿಷ್ಠ 5 ಇಂಚು ಎತ್ತರವಿರಬೇಕು. 4 ಇಂಚಿನ ಹಾಸಿಗೆಗೆ ಮಾಡಿದ ಮಂಚದ ಮೇಲೆ 8 ಇಂಚಿನದ್ದು ಹಾಕಿದರೆ ಕಂಬಿ ಇದ್ದೂ ಇಲ್ಲದಂತೆ. ಹಾಸಿಗೆ ಮತ್ತು ಚೌಕಟ್ಟಿನ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಗೋಡೆ ಮತ್ತು ಮಂಚದ ನಡುವಿನ ಸಂದನ್ನೂ ಗಮನಿಸಿ. ಇಂಥ ಸಂದಿನಲ್ಲಿ ಜಾರಿ ಸಿಕ್ಕಿಕೊಂಡರೆ ಮಗುವಿನ ಉಸಿರು ಕಟ್ಟಬಹುದು. ದೊಡ್ಡವರ ಮಂಚಕ್ಕೆ ಸಿಕ್ಕಿಸುವ ಬೆಡ್ ರೇಲ್ 2 ವರ್ಷದೊಳಗಿನ ಮಗುವಿಗೆ ಬೇಡ.

ಹಾಸಿಗೆ ಯಾವುದು ಒಳ್ಳೆಯದು?

* ತೆಂಗಿನ ನಾರು: ಗಟ್ಟಿ, ಗಾಳಿಯಾಡುತ್ತದೆ, ಸೆಕೆಯ ಊರಿಗೆ ಹೊಂದುತ್ತದೆ. ಕೆಲವು ವರ್ಷಗಳ ನಂತರ ಮಧ್ಯದಲ್ಲಿ ತಗ್ಗು ಬೀಳಬಹುದು.
* ಫೋಮ್: ಹಗುರ, ಅಗ್ಗ. ಡೆನ್ಸಿಟಿ ಎಷ್ಟೆಂದು ಕೇಳಿ. 40 ಡೆನ್ಸಿಟಿಯದ್ದು 32ಕ್ಕಿಂತ ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ. ಆದರೆ ಡೆನ್ಸಿಟಿ ಎಂದರೆ ಗಟ್ಟಿತನವಲ್ಲ, ಒತ್ತಿಯೇ ನೋಡಬೇಕು.
* ಮೆಮೊರಿ ಫೋಮ್: ಮೈ ಹುದುಗುತ್ತದೆ, ಬಿಸಿ ಹಿಡಿದಿಡುತ್ತದೆ. ಪುಟ್ಟ ಮಕ್ಕಳಿಗೆ ಅಷ್ಟು ಸೂಕ್ತವಲ್ಲ.
* ಹತ್ತಿ: ಮೈಗೆ ಹಿತ. ಆದರೆ ಗಂಟುಗಟ್ಟುತ್ತದೆ, ಆಗಾಗ ಬಿಸಿಲಿಗೆ ಹಾಕಬೇಕು.

ಅಂಗೈಯಿಂದ ಬಲವಾಗಿ ಒತ್ತಿ ಬಿಡಿ. ಹಾಸಿಗೆ ತಕ್ಷಣ ಮೊದಲಿನಂತಾದರೆ ಸರಿ, ಕೈಗುರುತು ಉಳಿದರೆ ಬೇಡ. ಪುಟ್ಟ ಮಗುವಿನ ತೂಕಕ್ಕೆ 4ರಿಂದ 5 ಇಂಚು ದಪ್ಪ ಸಾಕು. ಹೊಸ ಫೋಮ್ ಹಾಸಿಗೆಯ ವಾಸನೆ ಹೋಗುವವರೆಗೆ ಕಿಟಕಿ ತೆರೆದು ಗಾಳಿಗಿಡಿ. ಅಕ್ಕನ ಹಳೆಯ ಹಾಸಿಗೆ ತಮ್ಮನಿಗೆ ಆಗಬಹುದೇ? ತಗ್ಗು, ತೇವ, ಬೂಷ್ಟಿನ ವಾಸನೆ ಇಲ್ಲದಿದ್ದರೆ ಧಾರಾಳವಾಗಿ ಆಗುತ್ತದೆ.

ಈ ವಯಸ್ಸಿನಲ್ಲಿ ರಾತ್ರಿ ಒದ್ದೆಯಾಗುವುದು ಸಹಜ. ಹತ್ತಿ ಮೇಲ್ಪದರದ ವಾಟರ್‌ಪ್ರೂಫ್ ಕವರ್ ಎರಡಿರಲಿ. ಒಂದು ಒಗೆದಾಗ ಇನ್ನೊಂದು. ಬರೀ ಪ್ಲಾಸ್ಟಿಕ್ ಹಾಳೆ ಹಾಕಿದರೆ ಬೆನ್ನು ಬೆವರಿ ನಿದ್ದೆ ಕೆಡುತ್ತದೆ. ನೆಲದ ಮೇಲೆ ಹಾಸಿಗೆ ಹಾಕುವವರು ಮುಂಬೈ, ಚೆನ್ನೈನಂಥ ತೇವದ ಊರಿನಲ್ಲಿ ಬೆಳಿಗ್ಗೆ ಅದನ್ನು ಎತ್ತಿ ನಿಲ್ಲಿಸಬೇಕು. ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಧೂಳಿನ ಅಲರ್ಜಿ ಇರುವ ಮಗುವಿನ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ.

ಮಂಚ ಎಲ್ಲಿಡಬೇಕು?

ಕಿಟಕಿಯ ಕೆಳಗೆ ಬೇಡವೇ ಬೇಡ. ಬಹುಮಹಡಿ ಕಟ್ಟಡದಲ್ಲಿ ಮಂಚವೇ ಮಗುವಿಗೆ ಕಿಟಕಿ ಹತ್ತುವ ಮೆಟ್ಟಿಲಾಗುತ್ತದೆ. ಸೊಳ್ಳೆ ಪರದೆಯ ಜಾಲರಿ ಮಗುವಿನ ಭಾರ ತಡೆಯದು, ಗಟ್ಟಿ ಗ್ರಿಲ್ ಇರಲೇಬೇಕು. ಕರ್ಟನ್ ಹಗ್ಗ, ಚಾರ್ಜರ್ ತಂತಿ ಕೈಗೆ ಸಿಗದಿರಲಿ. ಪಕ್ಕದ ಕಪಾಟನ್ನು ಗೋಡೆಗೆ ಬಿಗಿಸಿ. ಈಗ ಮಗು ರಾತ್ರಿ ತಾನಾಗಿ ಇಳಿದು ಮನೆಯೆಲ್ಲ ಓಡಾಡಬಲ್ಲದು ಎಂಬುದನ್ನು ಮರೆಯಬೇಡಿ. ಬಾಲ್ಕನಿ ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿ.

ಒಂದೇ ರಾತ್ರಿಯಲ್ಲಿ ರೂಢಿಯಾಗದು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1-2 ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, 3-4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಮೊದಲು ಹಗಲಿನ ನಿದ್ದೆಯನ್ನು ಹೊಸ ಮಂಚದಲ್ಲಿ ರೂಢಿಸಿ. ಹಳೆಯ ಹೊದಿಕೆಯನ್ನೇ ಕೊಡಿ, ಮಲಗುವ ಹೊತ್ತು ಬದಲಿಸಬೇಡಿ. ಮನೆಗೆ ಎರಡನೇ ಮಗು ಬರುವುದಿದ್ದರೆ ಈ ಬದಲಾವಣೆ ಒಂದೆರಡು ತಿಂಗಳು ಮೊದಲೇ ಆಗಲಿ. ತನ್ನ ತೊಟ್ಟಿಲನ್ನು ಪಾಪು ಕಿತ್ತುಕೊಂಡಿತು ಎಂದು ದೊಡ್ಡದಕ್ಕೆ ಅನ್ನಿಸಬಾರದು. ಬಜೆಟ್ ಕಡಿಮೆಯಿದ್ದರೆ ಮಂಚದ ಅಲಂಕಾರ ಬಿಟ್ಟು ಹಾಸಿಗೆಗೆ ಹಣ ಹಾಕಿ. ಮಗು ಮಲಗುವುದು ಅದರ ಮೇಲೆಯೇ.