ನೆಲದ ಹದ, ಬಾವುಟದ ಮಾತು



ಕುದುರೆ ರೇಸು ಎಂದೊಡನೆ ನಮ್ಮ ಹಳ್ಳಿಗಳಲ್ಲಿ ಹೊಲ ಮನೆ ಕಳೆದುಕೊಂಡವರ ಕಥೆಯೇ ಮೊದಲು ನೆನಪಾಗುತ್ತದೆ. ಅದು ಸುಳ್ಳೇನಲ್ಲ. ಆದರೆ ಇಂದು ನಾನು ಹೇಳಹೊರಟದ್ದು ಜೂಜಿನ ವಿಚಾರವಲ್ಲ. ಮಳೆ ಸುರಿದು, ಮಂಜು ಕವಿದು, ನೆಲ ಕೆಸರಾದ ದಿನ ಓಟ ನಡೆಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು, ಆ ತೀರ್ಮಾನ ತಪ್ಪಿದಾಗ ಏನಾಯಿತು ಎಂಬ ಚರಿತ್ರೆಯನ್ನು ಸ್ವಲ್ಪ ನೋಡೋಣ.

ನಮ್ಮ ದೇಶದಲ್ಲಿ ರೇಸಿನ ಪಂಚಾಂಗ ಬರೆದದ್ದೇ ಮಳೆರಾಯ. ಮುಂಬಯಿಯ ಮಹಾಲಕ್ಷ್ಮಿ ಮೈದಾನ 1883ರಷ್ಟು ಹಳೆಯದು. ಅಲ್ಲಿ ಚಳಿಗಾಲ ಮತ್ತು ಬೇಸಿಗೆಯಲ್ಲಿ ಮಾತ್ರ ಓಟ. ಮುಂಗಾರು ಕಾಲಿಟ್ಟಿತೆಂದರೆ ಅದೇ ಕ್ಲಬ್ಬಿನವರು ಕುದುರೆಗಳನ್ನು ಘಟ್ಟ ಹತ್ತಿಸಿ ಪುಣೆಗೆ ಹೋಗುತ್ತಾರೆ. ಪುಣೆ ಘಟ್ಟದ ಮರೆಯಲ್ಲಿದೆ, ಅಲ್ಲಿ ಮಳೆ ಕಡಿಮೆ. ಸೊಲ್ಲಾಪುರ, ಜತ್ತ ಕಡೆಯ ರೈತರಿಗೆ ಈ ಘಟ್ಟದ ಮರೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನೀಲಗಿರಿಯ ಕೇಳುಗರಿಗೆ ಊಟಿಯ ರೇಸ್ ಮೈದಾನ ಗೊತ್ತೇ ಇದೆ. ಅಲ್ಲಿ ಏಪ್ರಿಲ್‌ನಲ್ಲಿ ಶುರುವಾಗುತ್ತಿದ್ದ ಓಟಗಳು ದೊಡ್ಡ ಮಳೆ ಹಿಡಿಯುವ ಹೊತ್ತಿಗೆ ಮುಗಿಯುತ್ತಿದ್ದವು. ಆ ಜಾಗವನ್ನು 2024ರಲ್ಲಿ ತಮಿಳುನಾಡು ಸರ್ಕಾರ ಹಿಂದಕ್ಕೆ ಪಡೆಯಿತು.

ಪಂಚಾಂಗ ನೋಡಿ ದಿನ ಗೊತ್ತುಮಾಡಿದರೂ ಮಳೆ ಹೇಳಿ ಕೇಳಿ ಬರುವುದಿಲ್ಲ. ಬಂದಾಗ ಏನು ಮಾಡಬೇಕೆಂಬ ನಿಯಮ ಬೇಕು. ನಮ್ಮ ಕ್ಲಬ್ಬುಗಳ ನಿಯಮಗಳ ಬೇರು ಇಂಗ್ಲೆಂಡಿನಲ್ಲಿದೆ. ಆದ್ದರಿಂದ ಕಥೆಗಾಗಿ ನಾವು ಅಲ್ಲಿಗೇ ಹೋಗಬೇಕು.

ಅಲ್ಲಿ ಪ್ರತಿಯೊಂದು ಮೈದಾನಕ್ಕೂ ಒಬ್ಬ ಅಧಿಕಾರಿ ಇರುತ್ತಾನೆ. ಅವನ ಹುದ್ದೆಯ ಹೆಸರು ‘ಕ್ಲರ್ಕ್ ಆಫ್ ದ ಕೋರ್ಸ್’. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನಲ್ಲಿ ಕ್ಲರ್ಕ್ ಎನಿಸಿಕೊಂಡಿದ್ದ ನನಗೆ ಈ ಹೆಸರು ಓದಿ ಸಂತೋಷವಾಯಿತು. ಆದರೆ ಈ ಕ್ಲರ್ಕಿನ ಲೆಡ್ಜರು ನೆಲವೇ. ಬೆಳಗಿನ ಜಾವ ಎದ್ದು, ಕೈಯಲ್ಲಿ ಒಂದು ಕೋಲು ಹಿಡಿದು, ಓಟದ ಹಾದಿಯನ್ನು ಉದ್ದಕ್ಕೂ ನಡೆದು, ಅಲ್ಲಲ್ಲಿ ಕೋಲು ಊರಿ ನೋಡುತ್ತಾನೆ. ಕೋಲು ಎಷ್ಟು ಇಳಿಯಿತು ಎಂಬುದರ ಮೇಲೆ ನೆಲ ಗಟ್ಟಿಯೋ, ಹದವಾಗಿದೆಯೋ, ಮೆತ್ತಗಿದೆಯೋ, ಬರೀ ಕೆಸರೋ ಎಂದು ಸಾರುತ್ತಾನೆ. ಬಿತ್ತನೆಗೆ ಮುಂಚೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುವ ನಮ್ಮ ರೈತ ಮಾಡುವುದೂ ಇದನ್ನೇ ಅಲ್ಲವೆ? ಈಗ ಕೋಲಿನ ಜಾಗದಲ್ಲಿ ಅಂಕಿ ತೋರಿಸುವ ಉಪಕರಣಗಳು ಬಂದಿವೆ. ನಮ್ಮ ದೇಶದ ಮೈದಾನಗಳಲ್ಲಿ ಪೆನೆಟ್ರೋಮೀಟರ್ ಎಂಬುದನ್ನು ಬಳಸುತ್ತಾರೆ.

ಹದಕ್ಕೆ ಇಷ್ಟೊಂದು ಮಹತ್ವ ಏಕೆ? ಸುಮಾರು 500 ಕಿಲೋ ತೂಕದ ಕುದುರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ ಒಂದೊಂದು ಗಳಿಗೆ ಅದರ ಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ನೆಲ ಕಲ್ಲಿನಂತಿದ್ದರೆ ಆ ಪೆಟ್ಟು ನೇರವಾಗಿ ಮೂಳೆಗೆ, ನರಕ್ಕೆ ಹೋಗುತ್ತದೆ. ಬಿದ್ದ ಜಾಕಿಯ ಗತಿಯೂ ಅಷ್ಟೆ. ನೆಲ ಕೆಸರಾದರೆ ಕುದುರೆ ಬೇಗ ದಣಿಯುತ್ತದೆ, ದಣಿದ ಕುದುರೆ ತಡೆ ಹಾರುವಾಗ ಕಾಲೆತ್ತದೆ ಮುಗ್ಗರಿಸುತ್ತದೆ.

ತಡೆ ಹಾರುವ ಓಟಗಳಲ್ಲಿ ಹೆಸರಾದದ್ದು ಲಿವರ್‌ಪೂಲ್ ಬಳಿಯ ಐಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್. 1839ರಿಂದ ಲೆಕ್ಕಕ್ಕೆ ಸಿಗುತ್ತದೆ. ಎರಡು ಸುತ್ತು, 30 ತಡೆಗಳು, ಏಳು ಕಿಲೋಮೀಟರಿನ ಆಸುಪಾಸು ದೂರ. ಕೆಟ್ಟ ಹವೆಯ ಪಾಠಗಳನ್ನು ಈ ಒಂದು ಓಟ ಕಲಿಸಿದಷ್ಟು ಬೇರಾವುದೂ ಕಲಿಸಿಲ್ಲ.

1928ರ ಓಟದ ದಿನ ಮಂಜು ಮುಸುಕಿತ್ತು, ನೆಲ ಕೆಸರಾಗಿತ್ತು. 42 ಕುದುರೆಗಳು ಹೊರಟವು. ಕಾಲುವೆಯ ಪಕ್ಕ ಹಾದಿ ತಿರುಗುವ ಕಡೆ ಒಂದು ತಡೆ, ಅದರ ಮುಂದೆ ಒಂದು ಹಳ್ಳ. ಮುಂದಿದ್ದ ಈಸ್ಟರ್ ಹೀರೋ ಎಂಬ ಕುದುರೆ ಆ ತಡೆಯ ಮೇಲೆಯೇ ಸಿಕ್ಕಿಕೊಂಡಿತು. ಹಿಂದೆ ಬಂದವು ಅದನ್ನು ಕಂಡು ಬೆದರಿ ನಿಂತವು, ಒಂದರ ಮೇಲೊಂದು ಬಿದ್ದವು. ಕೊನೆಗೆ ಗುರಿ ಮುಟ್ಟಿದವು ಎರಡೇ ಕುದುರೆಗಳು. ಅದರಲ್ಲಿಯೂ ಒಂದು ಕೊನೆಯ ತಡೆಯಲ್ಲಿ ಬಿದ್ದು ಎದ್ದು ಬಂದದ್ದು. ಬೀಳದೆ ಬಂದದ್ದು ಟಿಪ್ಪರರಿ ಟಿಮ್ ಒಂದೇ. ಅದರ ಮೇಲೆ ಒಂದು ಕಟ್ಟಿದವನಿಗೆ ನೂರು ಎಂಬ ದರವಿತ್ತು, ಅಂದರೆ ಅದು ಗೆಲ್ಲುವುದೆಂದು ಯಾರೂ ನಂಬಿರಲಿಲ್ಲ. ಆಮೇಲೆ ಅಲ್ಲಿಯ ಹಳ್ಳವನ್ನು ಮುಚ್ಚಿಸಿದರು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಅಲ್ಲೂ ಅಷ್ಟೆ, ಮೊದಲು ಆಪತ್ತು, ಆಮೇಲೆ ನಿಯಮ.

65 ವರ್ಷ ಕಳೆಯಿತು. 1993ರ ಏಪ್ರಿಲ್ 3. ತಣ್ಣನೆಯ ಗಾಳಿ, ಮಳೆ. 39 ಕುದುರೆಗಳು ಹೊರಡಲು ಸಿದ್ಧವಾಗಿ ನಿಂತಿವೆ, ಚಳಿಗೆ ತಾಳ್ಮೆಗೆಡುತ್ತಿವೆ. ಅವುಗಳ ಮುಂದೆ ಅಡ್ಡಲಾಗಿ ಒಂದು ಉದ್ದನೆಯ ಟೇಪು. ಅದು ಸರಕ್ಕನೆ ಮೇಲೇರಿದರೆ ಓಟ ಶುರು. ಮೊದಲ ಸಲ ಸರಿಯಾಗಲಿಲ್ಲ, ಎಲ್ಲರನ್ನೂ ವಾಪಸು ಕರೆದರು. ಎರಡನೆಯ ಸಲ ಮಳೆಗೆ ನೆನೆದಿದ್ದ ಟೇಪು ನೆಟ್ಟಗೆ ಏಳಲಿಲ್ಲ, ಒಬ್ಬ ಜಾಕಿಯ ಕುತ್ತಿಗೆಗೇ ಸುತ್ತಿಕೊಂಡಿತು. ಓಟ ರದ್ದೆಂದು ತೋರಿಸಲು ಸ್ಟಾರ್ಟರ್ ಕೆಂಪು ಬಾವುಟ ಎತ್ತಿದ, ಆ ಬಾವುಟ ಬಿಚ್ಚಿಕೊಳ್ಳಲೇ ಇಲ್ಲ. ಮುಂದೆ ನಿಂತು ಸವಾರರನ್ನು ತಡೆಯಬೇಕಾದವನಿಂದಲೂ ಸೂಚನೆ ಅವರಿಗೆ ಮುಟ್ಟಲಿಲ್ಲ. 30 ಕುದುರೆಗಳು ಓಡಿಯೇಬಿಟ್ಟವು.

ಜನ ಕೂಗುತ್ತಿದ್ದಾರೆ, ಅಧಿಕಾರಿಗಳು ಹಾದಿಗೆ ಅಡ್ಡ ಬಂದು ಕೈ ಬೀಸುತ್ತಿದ್ದಾರೆ. ಅದೇ ದಿನ ಪ್ರಾಣಿದಯೆಯ ಪ್ರತಿಭಟನೆಯವರೂ ಮೈದಾನಕ್ಕೆ ನುಗ್ಗಿದ್ದರು. ಕೈ ಬೀಸುವವರೂ ಅವರೇ ಇರಬೇಕೆಂದು ಕೆಲವು ಜಾಕಿಗಳು ಭಾವಿಸಿ ಮುಂದೆ ಓಡಿದರು. ಏಳು ಕುದುರೆಗಳು ಪೂರ್ತಿ ದೂರ ಓಡಿ ಮುಗಿಸಿದವು. ಮೊದಲು ಬಂದದ್ದು ಎಷಾ ನೆಸ್. ಅದರ ಸವಾರನಿಗೆ ತಾನು ಗೆದ್ದದ್ದು ಇಲ್ಲದ ಓಟ ಎಂದು ತಿಳಿದದ್ದು ಗುರಿ ಮುಟ್ಟಿದ ಮೇಲೆ. ಓಟ ಅಸಿಂಧುವಾಯಿತು. ಜನ ಕಟ್ಟಿದ್ದ ಸುಮಾರು ಏಳೂವರೆ ಕೋಟಿ ಪೌಂಡ್ ಹಣವನ್ನು ಹಿಂತಿರುಗಿಸಬೇಕಾಯಿತು.

ವಿಚಾರಣೆ ನಡೆದು ಸುಧಾರಣೆಗಳು ಬಂದವು. ಟೇಪು ದಪ್ಪನಾಯಿತು. ದೂರಕ್ಕೆ ಕಾಣುವ ಹೊಳೆಯುವ ಹಳದಿ ಬಾವುಟ ಬಂತು. ಬಾವುಟ ಹಿಡಿಯುವವರ ಸಂಖ್ಯೆ ಹೆಚ್ಚಿತು, ಅವರ ನಡುವೆ ವೈರ್‌ಲೆಸ್ ಸಂಪರ್ಕ ಬಂತು. ಒಂದು ಮಾತು ಗಮನಿಸಿ. ಓಟ ನಿಲ್ಲಿಸುವ ಅಧಿಕಾರ ಅಂದೂ ಇತ್ತು. ಆ ಅಧಿಕಾರದ ಮಾತು ಸವಾರನ ಕಣ್ಣಿಗೆ ತಲುಪುವ ದಾರಿ ಮಾತ್ರ ಇರಲಿಲ್ಲ.

ನಿಲ್ಲಿಸಬೇಕಾದಾಗ ನಿಲ್ಲಿಸಿದ ಉದಾಹರಣೆಯೂ ಅದೇ ದೇಶದಲ್ಲಿದೆ. 1776ರಲ್ಲಿ ಶುರುವಾದ ಸೇಂಟ್ ಲೆಜರ್ ಎಂಬ ಓಟ ಡಾಂಕಾಸ್ಟರ್ ಊರಿನದು. 1989ರ ಸೆಪ್ಟೆಂಬರಿನಲ್ಲಿ ಅಲ್ಲಿ ಓಡುತ್ತಿದ್ದ ಕುದುರೆಗಳು ಇದ್ದಕ್ಕಿದ್ದಂತೆ ಮುಗ್ಗರಿಸಿ ಬಿದ್ದವು. ನೋಡಿದರೆ ಹುಲ್ಲಿನ ಕೆಳಗೆ ನೆಲ ಕುಸಿದು ಕುಳಿಬಿದ್ದಿತ್ತು. ಮೇಲ್ನೋಟಕ್ಕೆ ಹಸಿರು, ಒಳಗೆ ಟೊಳ್ಳು. ಅಧಿಕಾರಿಗಳು ಓಟಗಳನ್ನು ರದ್ದು ಮಾಡಿದರು. ಆ ವರ್ಷದ ಸೇಂಟ್ ಲೆಜರನ್ನು ದೂರದ ಸ್ಕಾಟ್‌ಲೆಂಡಿನ ಏರ್ ಎಂಬಲ್ಲಿ ಓಡಿಸಿದರು. ಅದರಿಂದ ಓಟದ ಮರ್ಯಾದೆಯೇನೂ ಕಡಿಮೆಯಾಗಲಿಲ್ಲ.

ಮತ್ತೆ ಐಂಟ್ರಿಗೆ ಬರೋಣ. 2001ರಲ್ಲಿ ಮಳೆ ಹಿಡಿದು ಮೈದಾನ ನಾಟಿ ಗದ್ದೆಯಂತಾಗಿತ್ತು. ಓಡಿಸಬಾರದೆಂದು ಹೇಳಿದವರಿದ್ದರು, ಆದರೂ ಓಡಿಸಿದರು. 40 ಕುದುರೆಗಳು ಹೊರಟವು. 1928ರಲ್ಲಿ ಗೊಂದಲವಾದ ಅದೇ ಕಾಲುವೆಯ ತಿರುವಿನಲ್ಲಿ ಸವಾರನಿಲ್ಲದ ಕುದುರೆಯೊಂದು ಅಡ್ಡ ಬಂದು ಹಲವನ್ನು ತಡೆಯಿತು. ಮುಗಿಸಿದವು ನಾಲ್ಕು. ಅವುಗಳಲ್ಲಿ ಎರಡರ ಸವಾರರು ಮಧ್ಯೆ ನೆಲಕ್ಕೆ ಬಿದ್ದು, ಮತ್ತೆ ಹತ್ತಿ ಬಂದವರು. ಅಂದು ಅವರನ್ನು ಶೂರರೆಂದು ಹೊಗಳಿದರು. ಆದರೆ ಕೆಳಗೆ ಬಿದ್ದ ಕುದುರೆಗೆ ಒಳಪೆಟ್ಟಾಗಿದೆಯೋ ಇಲ್ಲವೋ ಎಂಬುದನ್ನು ಮೇಲೆ ಹತ್ತುವ ಅವಸರದಲ್ಲಿ ಯಾರು ನೋಡುತ್ತಾರೆ? 2009ರಲ್ಲಿ ಹಾಗೆ ಮತ್ತೆ ಹತ್ತಿ ಓಡಿಸುವುದನ್ನೇ ನಿಷೇಧಿಸಿದರು. 2024ರಿಂದ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ನೆಲದ ಹದ ಚೆನ್ನಾಗಿರುವ ಹೊತ್ತು ನೋಡಿ ಓಟದ ವೇಳೆಯನ್ನೂ ಮುಂಚಿತ ಮಾಡಿದರು.

ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಗಡಿನಾಡಿನ ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಓಟ ಇದೆ, ಕರಾವಳಿಯಲ್ಲಿ ಕಂಬಳ ಇದೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕಂಬಳ, ಜಲ್ಲಿಕಟ್ಟು, ಗಾಡಿ ಓಟಗಳಿಗೆ ಅವಕಾಶ ಕೊಟ್ಟ ಮೂರು ರಾಜ್ಯಗಳ ಕಾಯ್ದೆಗಳನ್ನು ಎತ್ತಿಹಿಡಿಯಿತು. ಅವಕಾಶ ಸಿಕ್ಕಿತು, ಅದರ ಜೊತೆಗೆ ಹೊಣೆಯೂ ಬಂತು. ಎರೆ ಭೂಮಿಯಲ್ಲಿ ಒಂದು ಅಡ್ಡ ಮಳೆ ಬಿದ್ದರೆ ಗಾಲಿ ಹೇಗೆ ಹೂತುಕೊಳ್ಳುತ್ತದೆ, ಎತ್ತು ಹೇಗೆ ಜಾರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹಾಗಿರುವಾಗ ಜಾತ್ರೆಯ ಕಮಿಟಿಯವರು ಮೊದಲೇ ಕುಳಿತು ಮೂರು ಸಂಗತಿ ಗೊತ್ತುಮಾಡಿಕೊಳ್ಳಬೇಕು. ಬೆಳಿಗ್ಗೆ ಓಟದ ಹಾದಿಯನ್ನು ನಡೆದು ನೋಡುವವರು ಯಾರು? ಬೇಡ ಎಂದು ಹೇಳುವ ಅಧಿಕಾರ ಯಾರದು? ಓಟದಲ್ಲಿ ಎತ್ತು ಕಟ್ಟಿದವನಾಗಲಿ ಹಣ ಕಟ್ಟಿದವನಾಗಲಿ ಆ ಜಾಗದಲ್ಲಿ ಇರಕೂಡದು. ಮೂರನೆಯದು, ನಿಲ್ಲಿಸು ಎಂಬ ಮಾತು ಗಾಡಿ ಹೊಡೆಯುವವನಿಗೆ ಹೇಗೆ ಮುಟ್ಟುತ್ತದೆ? ತಮಟೆ ಸದ್ದು, ಜನರ ಕೂಗಿನ ನಡುವೆ ಬಾಯಿಮಾತು ಕೇಳಿಸದು.

ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪು ನಮೂದಾದರೆ ಮರುದಿನ ಅದಕ್ಕೆ ಎದುರು ನಮೂದು ಹಾಕಿ ಸರಿಪಡಿಸಬಹುದು. 1993ರಲ್ಲಿ ಕೋಟಿಗಟ್ಟಲೆ ಪೌಂಡ್ ಹಾಗೆಯೇ ಹಿಂದಕ್ಕೆ ಹೋಯಿತು. ಕೆಸರಿನಲ್ಲಿ ಮುರಿದ ಕಾಲಿಗೆ, ಹೋದ ಜೀವಕ್ಕೆ ಅಂಥ ಎದುರು ನಮೂದು ಯಾವ ಲೆಡ್ಜರಿನಲ್ಲೂ ಇಲ್ಲ. ಈ ವರ್ಷ ನಿಂತ ಓಟವನ್ನು ಬರುವ ವರ್ಷದ ಜಾತ್ರೆಯಲ್ಲಿ ಓಡಿಸಿದರಾಯಿತು.