ಕಡತ ತೆರೆದಾಗ ಕಾಣದ ಕನ್ನಡ

ನಮ್ಮ ಸಂಘದ ಹಳೆಯ ಸ್ಮರಣಸಂಚಿಕೆಯೊಂದನ್ನು ಮರುಮುದ್ರಿಸಬೇಕೆಂದು ಕೆಲಕಾಲದ ಹಿಂದೆ ನಿಶ್ಚಯಿಸಿದೆವು. ಲೇಖನಗಳೆಲ್ಲವೂ ಒಂದು ಸಿ.ಡಿ.ಯಲ್ಲಿ ಭದ್ರವಾಗಿದ್ದವು. ಆದರೆ ಕಾಸರಗೋಡಿನ ಮುದ್ರಣಾಲಯವೊಂದರ ಗಣಕಯಂತ್ರದಲ್ಲಿ ಅವನ್ನು ತೆರೆದಾಗ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ‘ಕನ್ನಡ’ ಎಂಬ ಪದವಿರಬೇಕಾದ ಎಡೆಯಲ್ಲಿ ಇಂಗ್ಲಿಷಿನ ‘ಪಿ’, ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ ಮುಂತಾದವು ಸಾಲುಗಟ್ಟಿದ್ದವು. ಕಡತ ಕೆಟ್ಟಿರಲಿಲ್ಲ, ಅದನ್ನು ಓದುವ ಬಗೆ ಆ ಯಂತ್ರಕ್ಕೆ ತಿಳಿದಿರಲಿಲ್ಲ. ಇದರ ಕಾರಣವನ್ನರಿಯಲು ಗಣಕಕ್ಕೆ ಕನ್ನಡ ಬಂದ ಬಗೆಯನ್ನು ಅವಲೋಕಿಸಬೇಕು.

ಗಣಕವು ಅಕ್ಷರವನ್ನರಿಯದು, ಸಂಖ್ಯೆಯನ್ನಷ್ಟೇ ಬಲ್ಲದು. ಹಿಂದಿನ ವ್ಯವಸ್ಥೆಯಲ್ಲಿ ಒಟ್ಟು 256 ಸ್ಥಾನಗಳು. ಅವುಗಳಲ್ಲಿ ಮೊದಲರ್ಧ ಇಂಗ್ಲಿಷಿನದು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ‘ಇಸ್ಕಿ’ ಎಂಬ ಸಂಕೇತವನ್ನು ಮಾನಕವಾಗಿ ಅಂಗೀಕರಿಸಿತು. ಅದರಲ್ಲಿ ಕನ್ನಡದ ಕಕಾರಕ್ಕೂ ಮಲಯಾಳದ ಕಕಾರಕ್ಕೂ ಒಂದೇ ಸಂಖ್ಯೆ. ಆದರೆ ಪುಟವಿನ್ಯಾಸದ ತಂತ್ರಾಂಶಗಳು ಬಹುಮಟ್ಟಿಗೆ ಬೇರೆ ದಾರಿ ಹಿಡಿದವು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ತಲಕಟ್ಟು, ಕೊಂಬು, ಒತ್ತುಗಳೆಂಬ ಕನ್ನಡದ ಬಿಡಿ ಆಕಾರಗಳನ್ನು ಕೂರಿಸಿದವು. ಫಾಂಟು ಇದ್ದರೆ ಕನ್ನಡ, ಇಲ್ಲವಾದರೆ ಇಂಗ್ಲಿಷಿನ ಚೂರುಗಳು! ಒಬ್ಬೊಬ್ಬ ತಯಾರಕರ ಜೋಡಣೆಯೂ ಒಂದೊಂದು ಬಗೆ.

ಆ ಕಾಲದ ಉಪಕಾರವನ್ನು ನಾವು ಮರೆಯಲಾಗದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದಲೇ ಬಹುಮಂದಿ ಗಣಕದಲ್ಲಿ ಕನ್ನಡವನ್ನು ಬರೆಯಲು ಕಲಿತರು.

ಆಕಾರಕ್ಕಲ್ಲದೆ ಅಕ್ಷರಕ್ಕೇ ಸಂಖ್ಯೆ ಕೊಟ್ಟು, ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕಲ್ಪಿಸಹೊರಟದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ನಮ್ಮ ಲಿಪಿಗೆ ಮೀಸಲಾದ ಸ್ಥಾನಗಳು 128. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಯೂನಿಕೋಡ್ ಫಾಂಟೂ ಬಂದಿತು. ಆದರೆ ಹಳೆಯ ಕಡತಗಳು ತಾವಾಗಿಯೇ ಹೊಸದಾಗಲಿಲ್ಲ. ಅಂಥ ಕಡತವನ್ನು ತೆರೆಯುವಾಗ ತಂತ್ರಾಂಶವು ‘ಯಾವ ಸಂಕೇತ’ ಎಂದು ಕೇಳುವುದುಂಟು. ಪಟ್ಟಿಯಲ್ಲಿ ಯಾವುದನ್ನಾರಿಸಿದರೂ ಕನ್ನಡ ಮೂಡದು. ಏಕೆಂದರೆ ಯಂತ್ರದ ಲೆಕ್ಕಕ್ಕೆ ಅದು ಇಂಗ್ಲಿಷ್ ಬರಹವೇ.

ಇದಕ್ಕೆ ಪರಿವರ್ತಕ ತಂತ್ರಾಂಶ ಬೇಕು. ಅದರ ಕೆಲಸವೂ ಸುಲಭವಲ್ಲ. ‘ಧರ್ಮ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಮಕಾರದ ಬಳಿಕ ಕಾಣುತ್ತದೆ, ಹಳೆಯ ಕಡತದಲ್ಲಿ ಇರುವುದೂ ಹಾಗೆಯೇ. ಉಚ್ಚಾರಣೆಯಲ್ಲಾದರೋ ರೇಫವೇ ಮೊದಲು. ಯೂನಿಕೋಡಿನ ಕ್ರಮವೂ ಅದೇ. ಪರಿವರ್ತಕವು ರೇಫವನ್ನು ಹಿಂದಕ್ಕೆ ತಂದು ಕೂರಿಸಬೇಕು. ಮೂಲದ ಫಾಂಟು ಯಾವುದೆಂದು ತಪ್ಪಾಗಿ ತಿಳಿಸಿದರೆ ಎಲ್ಲವೂ ಕಲಸುಮೇಲೋಗರ.

ನಮ್ಮ ಸಂಘದ ಯುವಕರು ಫಾಂಟಿನ ಗುರುತು ಹಿಡಿದು ಕಡತಗಳನ್ನು ಪರಿವರ್ತಿಸಿದರು; ನಾವು ಹಿರಿಯರು ಮುದ್ರಿತ ಪ್ರತಿಯನ್ನೆದುರಿಗಿಟ್ಟು ಕರಡು ತಿದ್ದಿದೆವು. ಆ ಲೇಖಕರಲ್ಲಿ ಕೆಲವರು ಇಂದು ನಮ್ಮೊಡನಿಲ್ಲ. ಅವರ ಹಸ್ತಪ್ರತಿಗಳೂ ಉಳಿದಿಲ್ಲ. ಆ ಕಡತ ತೆರೆಯದೆ ಹೋಗಿದ್ದರೆ, ಒಂದೇ ಒಂದು ಮುದ್ರಿತ ಪ್ರತಿಯೇ ನಮಗೆ ಗತಿಯಾಗುತ್ತಿತ್ತು.

1956ರಲ್ಲಿ ರಾಜ್ಯದ ಗಡಿ ಬದಲಾಯಿತು. ನಮ್ಮ ಮನೆಮಾತು ಬದಲಾಗಲಿಲ್ಲ. ಆ ಮಾತಿನಲ್ಲಿ ಬರೆದಿಟ್ಟದ್ದನ್ನು ಮೊಮ್ಮಕ್ಕಳು ಓದುವಂತಾಗಬೇಕು. ಸದಸ್ಯರ ಮನೆಗಳಲ್ಲಿ ಹಳೆಯ ಸಿ.ಡಿ., ಫ್ಲಾಪಿಗಳಿದ್ದರೆ ಎಸೆಯದಿರಿ. ಬರೆದ ತಂತ್ರಾಂಶದ ಹೆಸರು ನೆನಪಿರುವಾಗಲೇ ಅದನ್ನು ಗುರುತು ಮಾಡಿ ಸಂಘಕ್ಕೆ ತಲಪಿಸಿ. ಮೂಲ ಕಡತ, ಯೂನಿಕೋಡ್ ಪ್ರತಿ, ಕಾಗದದ ಪ್ರತಿ ಈ ಮೂರನ್ನೂ ಕಾಪಿಡೋಣ.